ಹುಚ್ಚಾಸ್ಪತ್ರೆಗೆ ಸೇರಿಸಿದ ಮಾತ್ರಕ್ಕೆ ಆಸ್ತಿ ಕೈಸೇರುತ್ತಿರಲಿಲ್ಲ

ಬ್ರಿಟಿಷರ ಕಾಲದಲ್ಲಿ ಇಬ್ಬರು ವೈದ್ಯರ ಸರ್ಟಿಫಿಕೇಟು ಸಿಕ್ಕರೆ ಮಾನಸಿಕ ರೋಗಿಯ ಆಸ್ತಿ ನೆಂಟರ ಪಾಲಾಗುತ್ತಿತ್ತು ಎಂದು ಒಂದು ಲೇಖನದಲ್ಲಿ ಓದಿದೆ. ಅದು ಸರಿಯಲ್ಲ. ಆ ಸರ್ಟಿಫಿಕೇಟು ಆಸ್ಪತ್ರೆಗೆ ಸೇರಿಸುವ ಆದೇಶಕ್ಕಷ್ಟೇ. ಆಸ್ತಿ ಮುಟ್ಟಬೇಕಾದರೆ 1912ರ ಲೂನಸಿ ಕಾಯ್ದೆಯಡಿ (ಮಾನಸಿಕ ರೋಗಿಗಳ ಕುರಿತ ಅಂದಿನ ಕಾನೂನು) ಜಿಲ್ಲಾ ಕೋರ್ಟಿನಲ್ಲಿ ಬೇರೆಯೇ ವಿಚಾರಣೆ ನಡೆಯಬೇಕಿತ್ತು. ಆಸ್ತಿ ನೋಡಿಕೊಳ್ಳಲು ಕೋರ್ಟಿನಿಂದ ನೇಮಕವಾದ ಮ್ಯಾನೇಜರು 6 ತಿಂಗಳೊಳಗೆ ಜಮೀನು, ನಗದು, ಸಾಲ ಎಲ್ಲದರ ಪಟ್ಟಿ ಕೊಡಬೇಕಿತ್ತು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕಿತ್ತು. ಕೋರ್ಟಿನ ಅನುಮತಿಯಿಲ್ಲದೆ ಸ್ಥಿರಾಸ್ತಿಯ ಮಾರಾಟ, ಅಡಮಾನ, 5 ವರ್ಷ ಮೀರಿದ ಗುತ್ತಿಗೆ ಯಾವುದಕ್ಕೂ ಅವಕಾಶವಿರಲಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು ಕಲಂ: ರೋಗಿ ಸತ್ತರೆ ಲಾಭ ಪಡೆಯುವ ವಾರಸುದಾರನನ್ನು, ರೋಗಿಗೇ ಒಳಿತೆಂದು ಲಿಖಿತ ಕಾರಣ ಕೊಡದೆ, ರೋಗಿಯನ್ನು ನೋಡಿಕೊಳ್ಳುವ ಪಾಲಕನಾಗಿ ನೇಮಿಸುವಂತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಆಸ್ತಿ ನಿರ್ವಹಣೆಯ ಅಧ್ಯಾಯವೇ ಇಲ್ಲ. ಹಾಗಾಗಿ ಈಗ ಎಷ್ಟೋ ಮನೆಯವರು ರೋಗಿಯ ಆಸ್ತಿ ನೋಡಿಕೊಳ್ಳುವ ಅಧಿಕಾರ ಕೇಳಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕಾಗಿದೆ.