ಸ್ಮಾರ್ಟ್ ಅಂದರೆ ಚುರುಕ್

ನಮ್ಮ ಬೀದಿಯ ಬಸ್ ಸ್ಟಾಪು ಸ್ಮಾರ್ಟ್ ಆಗಿದೆ. ಮೊದಲು ಅಲ್ಲಿ ಸೂರಿತ್ತು, ಕಲ್ಲುಬೆಂಚಿತ್ತು. ಈಗ ಟಿವಿ ಇದೆ. ಎರಡು ತಿಂಗಳಿಂದ ಅದರಲ್ಲಿ 'ನೋ ಸಿಗ್ನಲ್' ಅಂತ ಬರುತ್ತಿದೆ. ಮಳೆ ಬಂದರೆ ಎಲ್ಲರೂ ಕೊಡೆ ಬಿಚ್ಚಿಕೊಂಡು ಅದನ್ನೇ ಓದುತ್ತೇವೆ. ಬಸ್ಸು ಬಂತಾ ಅಂತ ನೋಡೋಕೆ ಮಾತ್ರ ಹಳೇ ಪದ್ಧತಿ, ಕತ್ತು ಚಾಚುವುದು.

ನಾನು ಚಿಕ್ಕವನಿದ್ದಾಗ ಸ್ಮಾರ್ಟ್ ಅನ್ನೋದು ಗಂಡು ನೋಡಿಬಂದವರ ಮಾತು. 'ಹುಡುಗ ಸ್ಮಾರ್ಟ್ ಆಗಿದ್ದಾನೆ' ಅಂದರೆ ನೋಡೋಕೆ ಚೆನ್ನಾಗಿದ್ದಾನೆ, ಷರ್ಟು ಇನ್ ಮಾಡಿದ್ದಾನೆ ಅಂತ. ಬುದ್ಧಿಗೂ ಅದಕ್ಕೂ ಸಂಬಂಧವಿರಲಿಲ್ಲ. ಬುದ್ಧಿ ತೋರಿಸಿದರೆ 'ಓವರ್ ಸ್ಮಾರ್ಟ್ ಆಗ್ಬೇಡ' ಅಂತ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಈಗ ಕಸದ ಡಬ್ಬ ಸ್ಮಾರ್ಟ್, ಶೌಚಾಲಯ ಸ್ಮಾರ್ಟ್, ಕರೆಂಟ್ ಮೀಟರೂ ಸ್ಮಾರ್ಟ್. ಮೀಟರಿನ ರೇಟು ಕೇಳಿದ ಮೇಲೆ ಸ್ಮಾರ್ಟ್ ಯಾರು ಅಂತ ಗೊತ್ತಾಯಿತು ಬಿಡಿ.

ಸುಮ್ನೆ ಕುತೂಹಲಕ್ಕೆ ಡಿಕ್ಷನರಿ ತೆಗೆದೆ. ಹಳೇ ಇಂಗ್ಲಿಷಿನಲ್ಲಿ ಈ ಪದಕ್ಕೆ ಉರಿ, ನೋವು ಅಂತ ಅರ್ಥವಂತೆ. ಜರ್ಮನ್ನರು ನೋವಿಗೆ ಹೇಳುವ 'ಶ್ಮೆರ್ತ್ಸ್' ಇದರ ದಾಯಾದಿ. ಚುರುಕು, ಜಾಣ ಅನ್ನೋ ಅರ್ಥಗಳು ಬಂದದ್ದು ಆಮೇಲೆ. ನಮ್ಮಲ್ಲೂ ಹಾಗೇ ಅಲ್ವಾ? ಕಾದ ಕಾವಲಿ ತಾಗಿದರೆ ಚುರುಕ್ ಅನ್ನುತ್ತೆ, ಚೂಟಿ ಹುಡುಗಿಯೂ ಚುರುಕೇ. 1970ರ ದಶಕದ ಹೊತ್ತಿಗೆ ವಿಯೆಟ್ನಾಂ ಮೇಲೆ ಅಮೆರಿಕ ಹಾಕಿದ ಬಾಂಬಿಗೂ ಸ್ಮಾರ್ಟ್ ಅಂದರು. ನಮ್ಮ ರಸ್ತೆ ನೋಡಿದವರಿಗೆ ಇದೇನೂ ಆಶ್ಚರ್ಯ ಅನ್ನಿಸದು.

ಸ್ಮಾರ್ಟ್ ಸಿಟಿ ಯೋಜನೆ ಶುರುವಾದದ್ದು 2015ರ ಜೂನ್‌ನಲ್ಲಿ. ದೇಶದಲ್ಲಿ 100 ಊರು, ನಮ್ಮ ರಾಜ್ಯದಲ್ಲಿ 7. ದಾವಣಗೆರೆ, ಬೆಳಗಾವಿ ಮೊದಲ ಪಟ್ಟಿಯಲ್ಲೇ ಪಾಸು. ಐದು ವರ್ಷದ ಕೆಲಸ, ಗಡುವು ಮುಂದೆ ಹೋಗಿ ಹೋಗಿ 2025ರ ಮಾರ್ಚ್‌ಗೆ ಬಂದು ನಿಂತಿತು. ಏಳರಲ್ಲಿ ನಮ್ಮೂರು ಯಾವುದು ಅಂತ ಕೇಳಬೇಡಿ. ಏಳೂ ಕಡೆಯವರು 'ನಮ್ಮದೇ' ಅಂತಾರೆ.

ಒಳಚರಂಡಿಗೆ ಒಂದು ಸಲ ಅಗೆದರು. ಕೇಬಲ್ಲಿಗೆ ಇನ್ನೊಂದು ಸಲ. ಎಲ್ಲ ಮುಚ್ಚಿ ಟೈಲ್ಸ್ ಹಾಕಿದ ಮೇಲೆ ನೀರಿನ ಪೈಪು ನೆನಪಾಯಿತು. ಫುಟ್‌ಪಾತು ಈಗ ಮೊಣಕಾಲೆತ್ತರ. ಪಕ್ಕದ ಮನೆ ಅಜ್ಜಿಗೆ ಹತ್ತೋಕೆ ಆಗಲ್ಲ. ರಸ್ತೆಯಲ್ಲೇ ನಡೆಯುತ್ತಾರೆ, ಆಟೋದವರ ಹತ್ತಿರ ಬೈಸಿಕೊಳ್ಳುತ್ತಾರೆ. ನಗಿಸೋಣ ಅಂತಲೇ ಬರೆಯೋಕೆ ಕೂತೆ, ಆಗ್ತಿಲ್ಲ. ಟಿವಿ ಯಾರು ಕೇಳಿದ್ದರು ಕಣ್ರೀ? ಇದ್ದ ಒಂದು ಬೆಂಚನ್ನೂ ಕಿತ್ತುಕೊಂಡು ಹೋದರಲ್ಲ!

ನಿನ್ನೆ ಬಸ್ ಸ್ಟಾಪಿಗೆ ಅಜ್ಜಿ ಮನೆಯಿಂದಲೇ ಪ್ಲಾಸ್ಟಿಕ್ ಸ್ಟೂಲು ತಂದಿದ್ದರು.