ಸತ್ಯಾಂಶ: ನರ ಪ್ರಚೋದಕ ಸಾಧನ ಹಾಕಿಸಿದರೆ ಫಿಟ್ಸ್ ಮಾತ್ರೆ ಬೇಡವೇ?

ಎದೆಯಲ್ಲೊಂದು ಸಾಧನ ಹಾಕಿಸಿದರೆ ಮಕ್ಕಳ ಆನುವಂಶಿಕ ಅಪಸ್ಮಾರ ಬುಡಸಮೇತ ಹೋಗುತ್ತದೆ, ಮಾತ್ರೆ ಬೇಡ ಎಂಬ ಸಂದೇಶ ಕಾರವಾರ, ಶಿರಸಿಯ ಮೊಬೈಲುಗಳಲ್ಲೂ ಸುತ್ತುತ್ತಿರುತ್ತದೆ. ತಜ್ಞರನ್ನು ಕಾಣಲು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕಾದ ಪಾಲಕರು ಅದನ್ನು ಆಸೆಯಿಂದ ಹಂಚಿಕೊಳ್ಳುವುದು ಸಹಜ. ಆದರೆ ಮಾಹಿತಿ ತಪ್ಪು.

ಎಡ ಎದೆಯ ಚರ್ಮದಡಿ ಇರಿಸುವ ಈ ಸಾಧನವು ಕುತ್ತಿಗೆಯ ಮೂಲಕ ಮೆದುಳಿಗೆ ಹೋಗುವ ವೇಗಸ್ ನರಕ್ಕೆ ನಿಗದಿತ ಅಂತರದಲ್ಲಿ ಸಣ್ಣ ವಿದ್ಯುತ್ ಸ್ಪಂದನ ಕಳಿಸುತ್ತದೆಯೇ ಹೊರತು, ಡ್ರಾವೆಟ್ ಸಿಂಡ್ರೋಮ್ ಎಂಬ ಮಕ್ಕಳ ತೀವ್ರ ಆನುವಂಶಿಕ ಅಪಸ್ಮಾರಕ್ಕೆ ಹೆಚ್ಚಾಗಿ ಕಾರಣವಾಗುವ ಎಸ್‌ಸಿಎನ್‌1ಎ ಜೀನಿನ ದೋಷವನ್ನು ಸರಿಪಡಿಸುವುದಿಲ್ಲ. ಹಲವು ಮಕ್ಕಳಲ್ಲಿ ಫಿಟ್ಸ್ ತಿಂಗಳುಗಟ್ಟಲೆ ಅವಧಿಯಲ್ಲಿ ನಿಧಾನವಾಗಿ ಕಡಿಮೆಯಾಗುತ್ತದೆ. ಪೂರ್ತಿ ನಿಲ್ಲುವುದು ಅಪರೂಪ. ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ದೀರ್ಘಕಾಲದ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು.

ಇಂಥ ಸಂದೇಶ ಬಂದಾಗ ಸಾಧನದ ಅಧಿಕೃತ ಮಾಹಿತಿ ಪುಸ್ತಿಕೆಯನ್ನು ಓದಿ ನೋಡಬಹುದು: ಇದು ಔಷಧಿಯ ಜೊತೆಗಿನ ಪೂರಕ ಚಿಕಿತ್ಸೆ ಎಂಬುದು ಅಲ್ಲೇ ಸಿಗುತ್ತದೆ. ಉಳಿದ ಸಂದೇಹವನ್ನು ಮಗುವಿನ ವೈದ್ಯರಲ್ಲಿ ಕೇಳಿ. ಅಲ್ಲಿಯವರೆಗೆ ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಬೇಡಿ.