ಸತ್ಯಾಂಶ: ಪುಟ್ಟ ಡ್ರೋನ್ ವಿಮಾನಕ್ಕೆ ತಗುಲಿದರೆ ಏನೂ ಆಗಲ್ಲವೇ?

“250 ಗ್ರಾಂ ಒಳಗಿನ ಡ್ರೋನಿಗೆ ಲೈಸೆನ್ಸ್ ಬೇಡ, ಎಲ್ಲಿ ಬೇಕಾದರೂ ಹಾರಿಸಿ, ವಿಮಾನಕ್ಕೆ ತಗುಲಿದರೂ ಏನೂ ಆಗಲ್ಲ” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರಲ್ಲಿ ಮೊದಲ ಮಾತಷ್ಟೇ ನಿಜ. 2021ರ ಡ್ರೋನ್ ನಿಯಮಗಳ ಪ್ರಕಾರ ನ್ಯಾನೋ ಡ್ರೋನಿಗೆ (ಅಂದರೆ 250 ಗ್ರಾಂವರೆಗಿನದಕ್ಕೆ) ಪೈಲಟ್ ಲೈಸೆನ್ಸ್ ಬೇಕಿಲ್ಲ.

ಉಳಿದದ್ದಕ್ಕೆ ಒಂದೇ ಘಟನೆ ಸಾಕು. 2025ರ ಜನವರಿ 9ರಂದು ಲಾಸ್ ಏಂಜಲೀಸ್‌ನ ಪಾಲಿಸೇಡ್ಸ್ ಕಾಳ್ಗಿಚ್ಚಿಗೆ ನೀರು ಸುರಿಯುತ್ತಿದ್ದ ‘ಸೂಪರ್ ಸ್ಕೂಪರ್’ ವಿಮಾನಕ್ಕೆ ಅಂಗೈಯಲ್ಲಿ ಹಿಡಿಯಬಹುದಾದಂಥ ಡ್ರೋನ್ ಬಡಿಯಿತು. ಎಡರೆಕ್ಕೆಯಲ್ಲಿ ಸುಮಾರು 3 ಇಂಚು ಅಗಲ, 6 ಇಂಚು ಉದ್ದದ ತೂತು! ವಿಮಾನ ಸುರಕ್ಷಿತವಾಗಿ ಇಳಿಯಿತು ನಿಜ. ಆದರೆ ಕೆಳಗೆ ಮನೆಗಳು ಉರಿಯುತ್ತಿರುವಾಗ ಅದು ರಿಪೇರಿಗೆ ನಿಲ್ಲಬೇಕಾಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಡ್ರೋನ್ ಹಾರಿಸಿದವರು ಪಾರ್ಕಿಂಗ್ ಕಟ್ಟಡದ ಮೇಲಿಂದ ಅದನ್ನು ಎರಡು ಕಿಲೋಮೀಟರಿಗೂ ದೂರ ಕಳಿಸಿದ್ದರು. ಅಷ್ಟರಲ್ಲಿ ಅದು ಕಣ್ಣಿಗೇ ಕಾಣದಾಗಿತ್ತು.

ಇಲ್ಲಿ ತೂಕಕ್ಕಿಂತ ವೇಗವೇ ಮುಖ್ಯ. ವಿಮಾನದ ವೇಗಕ್ಕೆ ಸಿಕ್ಕರೆ ಡ್ರೋನಿನ ಬ್ಯಾಟರಿ, ಮೋಟಾರುಗಳು ಕಲ್ಲಿನಂತೆ ಬಡಿಯುತ್ತವೆ.

ನಮ್ಮಲ್ಲೂ ಮನುಷ್ಯರಿರುವ ವಿಮಾನಕ್ಕೇ ಮೊದಲ ದಾರಿ, ಡ್ರೋನ್ ದೂರವಿರಬೇಕು ಎಂದೇ ನಿಯಮ. ಬೆಂಗಳೂರಿನಲ್ಲಿ ದೇವನಹಳ್ಳಿ ಮಾತ್ರವಲ್ಲ, ಜಕ್ಕೂರು, ಯಲಹಂಕ, ಎಚ್‌ಎಎಲ್‌ಗಳಲ್ಲೂ ವಿಮಾನಗಳು ಏರಿಳಿಯುತ್ತವೆ. ಹಾರಿಸುವ ಮುನ್ನ, ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ‘ಡಿಜಿಟಲ್ ಸ್ಕೈ’ ನಕ್ಷೆ ನೋಡಿ. ಅದರಲ್ಲಿ ಅನುಮತಿಯಿಲ್ಲದೆ ಹಾರಿಸಬಹುದಾದ ಹಸಿರು ವಲಯದಲ್ಲೂ 400 ಅಡಿ ಎತ್ತರ ದಾಟಲು ಅನುಮತಿ ಬೇಕು. ಹೆಲಿಕಾಪ್ಟರ್ ಸದ್ದು ಕೇಳಿದ ಕೂಡಲೇ ಡ್ರೋನ್ ಕೆಳಗಿಳಿಸಿ.